ನ್ಹಾಮೊ ಜಿಂಬಾಬ್ವೆ ತಲುಪಿದ ಮೇಲೂ ಕತೆ ಬೇಕಿತ್ತಾ? ನಮ್ಮ ಮಕ್ಕಳು ಎರಡು ಪಾಲಾಗಿದ್ದಾರೆ

ಜಗಲಿಕಟ್ಟೆ

ಪ್ರತಿ ಭಾನುವಾರ ಬೆಳಿಗ್ಗೆ ನಮ್ಮ ಕೇರಿಯ ಮಕ್ಕಳನ್ನು ಜಗಲಿಯಲ್ಲಿ ಕೂರಿಸಿಕೊಂಡು ಒಂದು ಗಂಟೆ ಪುಸ್ತಕ ಓದ್ತೀನಿ. ಎಂಟರಿಂದ ಹತ್ತನೇ ಕ್ಲಾಸಿನವರು, ಏಳು ಜನ. ಈ ಬೇಸಿಗೆಗೆ ನ್ಯಾನ್ಸಿ ಫಾರ್ಮರ್ ಬರೆದ 'ಎ ಗರ್ಲ್ ನೇಮ್ಡ್ ಡಿಸಾಸ್ಟರ್' ಹಿಡಿದ್ವಿ. 1996ರ ಕಾದಂಬರಿ, ಮರುವರ್ಷ ಅಮೆರಿಕದಲ್ಲಿ ಮಕ್ಕಳ ಪುಸ್ತಕಗಳಿಗೆ ಕೊಡೋ ನ್ಯೂಬೆರಿ ಗೌರವ ಪಡೆದದ್ದು. ಇದ್ದದ್ದು ಒಂದೇ ಪ್ರತಿ. ನಾನು ಗಟ್ಟಿಯಾಗಿ ಓದೋದು, ತೊಡಕು ಬಂದಲ್ಲಿ ಕನ್ನಡದಲ್ಲಿ ಹೇಳೋದು, ಹೀಗೆ ಒಂಬತ್ತು ವಾರ ಹಿಡೀತು.

ಓದದವರಿಗೆ ಎರಡು ಮಾತು. ನ್ಹಾಮೊ ಮೊಜಾಂಬಿಕ್‌ನ ಹಳ್ಳಿಯ ಹನ್ನೊಂದು ವರ್ಷದ ಶೋನಾ ಜನಾಂಗದ ಹುಡುಗಿ. ತಾಯಿಯನ್ನು ಚಿರತೆ ಕೊಂದಿದೆ, ತಂದೆ ಎಂದೋ ಜಿಂಬಾಬ್ವೆಗೆ ಹೋದವನು. ಊರಿಗೆ ಕಾಲರಾ ಬರುತ್ತೆ. ಇವಳ ಅಪ್ಪ ಹಿಂದೆ ಒಬ್ಬನನ್ನು ಕೊಂದಿದ್ದ, ಸತ್ತವನ ಪ್ರೇತ ಶಾಂತವಾಗಬೇಕಾದರೆ ಅವನ ತಮ್ಮನಿಗೆ ಇವಳನ್ನು ಮದುವೆ ಮಾಡಿಕೊಡಿ ಅಂತ ಮಾಟ ಕಂಡುಹಿಡಿಯುವವನು ಹೇಳ್ತಾನೆ. ಆ ಗಂಡಿಗೆ ಆಗಲೇ ಹೆಂಡಿರಿದ್ದಾರೆ. ಅಜ್ಜಿ ಗುಟ್ಟಾಗಿ ಚಿನ್ನದ ಹರಳು ಕೈಗಿಟ್ಟು, ಸತ್ತ ಬೆಸ್ತನ ದೋಣಿ ಹತ್ತಿ ಅಪ್ಪನ ಊರಿಗೆ ಓಡು ಅಂತಾಳೆ. ಎರಡು ದಿನದ ದಾರಿ ಅಂದುಕೊಂಡದ್ದು, ದೋಣಿ ದಾರಿ ತಪ್ಪಿ ಕಾಬೋರಾ ಬಾಸಾ ಸರೋವರ ಸೇರಿ, ತಿಂಗಳುಗಟ್ಟಲೆ ಒಬ್ಬಳೇ ದ್ವೀಪದಲ್ಲಿ, ಬಬೂನು ಅನ್ನೋ ದೊಡ್ಡ ಕೋತಿಗಳ ನಡುವೆ.

ಜಗಳ ಇರೋದು ಕೊನೆಯ ಭಾಗದ ಮೇಲೆ. ಬಸವಳಿದು ಎಫಿಫಿ ಅನ್ನೋ ಸಂಶೋಧನಾ ಕೇಂದ್ರ ತಲುಪ್ತಾಳಲ್ಲ, ಅಲ್ಲೇ ಮುಗೀಬೇಕಿತ್ತು, ಆಮೇಲೆ ಅಪ್ಪನ ಕಡೆಯ ನೆಂಟರ ಮನೆಗೆ ಹೋಗೋದೆಲ್ಲ ಬೇಡ ಅಂತ ನಾಲ್ವರ ಹಟ. ಉಳಿದ ಮೂವರು ಒಪ್ಪಲ್ಲ. ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳು ಎದ್ದು ನಿಂತು, "ಕಾಡಲ್ಲಿ ಅವಳಿಗೆ ಹಸಿವಾಗ್ತಿತ್ತು ಅಷ್ಟೆ. ನೆಂಟರ ಮನೇಲಿ ಅವಳು ಯಾರಿಗೂ ಬೇಡವಾಗಿದ್ಲು, ಅದೇ ಹೆಚ್ಚು ಕಷ್ಟ" ಅಂದಳು. ನಾನು ಮೊದಲ ಗುಂಪಿನ ಕಡೆ. ದ್ವೀಪ ಬಿಟ್ಟ ಮೇಲೆ ಕತೆ ಸಡಿಲವಾಯ್ತು ಅಂತಲೇ ನನಗೆ ಅನಿಸಿದ್ದು.

ಚಿಕ್ಕ ವಯಸ್ಸಲ್ಲಿ ಇದನ್ನು ಓದಿದವರು ಇಲ್ಲಿದ್ದೀರಾ? ನಿಮಗೆ ಏನನಿಸ್ತು?

ಮಳೆನಾಡಹುಡುಗಿ

ನಾನೀಗ ಸೆಕೆಂಡ್ ಪಿಯು, ಓದಿದ್ದು ಏಳನೇ ಕ್ಲಾಸಲ್ಲಿ. ನಿಮ್ಮ ನಾಲ್ವರ ಕಡೆಗೆ ನನ್ನ ವೋಟು. ದ್ವೀಪದ ಭಾಗ ಎರಡು ಸಲ ಓದಿದ್ದೆ. ತಿನ್ನೋಕೆ ಏನು ಸಿಗುತ್ತೆ, ರಾತ್ರಿ ಎಲ್ಲಿ ಮಲಗೋದು, ಉಟ್ಟ ಬಟ್ಟೆ ಹರಿದು ಹೋದ್ರೆ ಏನು ಗತಿ, ಇಂಥ ಸಣ್ಣಸಣ್ಣ ವಿಷಯಾನೇ ಉಸಿರು ಬಿಗಿಹಿಡಿದು ಓದಿಸ್ತು. ಆಮೇಲೆ ಡಾಕ್ಟರು, ನೆಂಟರು, ಸ್ಕೂಲು. ಪುಟ ಹಾರಿಸಿದ್ದೆ.

ಧಾರವಾಡಪೇಡೆ

ಪುಟಾ ಹಾರಿಸಿದ ಮ್ಯಾಲೆ ಛಲೋ ಇಲ್ಲ ಅಂದ್ರ ಹೆಂಗ್ರೀ? ಮೊದಲ ಪೂರ್ತಿ ಓದ್ರಿ.

ನನಗ ಕಡೀ ಭಾಗನ ಹತ್ತಿದ್ದು. ನಾ ಹತ್ತನೇತ್ತಾ ಮುಗಿಸಿ ನಮ್ಮ ಹಳ್ಯಾಗಿಂದ ಸಂಬಂಧಿಕರ ಮನಿಗೆ ಓದಾಕ ಬಂದಿದ್ದೆ. ಮೊದಲನೇ ದಿನ ಊಟಕ್ಕ ಕುಂತಾಗ ತಾಟಿನ ಬಾಜೂಕ ಚಮಚಾ ಇಟ್ಟಿದ್ರು. ಕೈಲೆ ಉಣ್ಣಬೇಕೋ ಚಮಚಾದ್ಲೆ ಉಣ್ಣಬೇಕೋ ತಿಳೀಲಾರದ, ಹಸಿವಿಲ್ಲ ಅಂತ ಹೇಳಿ ಎದ್ದುಬಿಟ್ಟೆ. ರಾತ್ರಿ ಹೊಟ್ಟಿ ಹಸದು ನಿದ್ದಿ ಹತ್ತಲಿಲ್ಲ. ಅದಕ್ಕ ಹೇಳ್ತೀನಿ, ನ್ಹಾಮೊ ಅವರಪ್ಪನ ಬಳಗ ಜೋಂಗ್ವೆದವರ ಮನ್ಯಾಗ ಹೆಂಗ ಮುದುಡಿಕೊಂಡು ಕುಂತಿದ್ಲು ಅನ್ನೂದು ನನಗ ಯಾರೂ ಬಿಡಿಸಿ ಹೇಳೂದು ಬ್ಯಾಡ. ಚಿರತಿ ಎದುರಿಗೆ ನಿಂತಾಕಿ ನೆಂಟರ ಎದುರಿಗೆ ನಿಲ್ಲಾಕ ಹೆದರತಾಳ. ಆ ಬಾಲಿ ಹೇಳಿದ್ದು ಖರೇ ಐತಿ.

ಪುಸ್ತಕದಹುಳು_14

ಬಬೂನು ರಂಪಿ ಬಗ್ಗೆ ಯಾರೂ ಮಾತಾಡಲ್ವಾ? ಅದೇ ನನ್ನ ಫೇವರಿಟ್.

ಕೋಲಾರಮಣ್ಣು

ನಾನು ಅರ್ಧಕ್ಕೇ ಬಿಟ್ಟೋನು, ಹಾಗಾಗಿ ಕೊನೆ ಬಗ್ಗೆ ಹೇಳಲ್ಲ. ಶುರುವಿನ ಬಗ್ಗೆ ಹೇಳ್ತೀನಿ. ಎಷ್ಟು ಹೆಸರು ಮಾರಾಯ್ರೆ! ಅಂಬುಯಾ, ಚಿಪೊ, ಮಸ್ವಿತಾ, ಜೊರೊರೊ, ಅದರ ಮೇಲೆ ಮುವುಕಿ, ನ್ಗೋಜಿ, ನ್ಜುಜು. ಕೊನೆಯಲ್ಲಿ ಪದಕೋಶ ಇದೆ ನಿಜ. ಒಂದು ಬೆರಳು ಓದೋ ಪುಟದಲ್ಲಿ, ಇನ್ನೊಂದು ಬೆರಳು ಪದಕೋಶದಲ್ಲಿ ಇಟ್ಕೊಂಡು ಬಸ್ಸಲ್ಲಿ ಓದೋಕೆ ಆಗುತ್ತಾ? ಹಳ್ಳಿ ಬಿಟ್ಟು ಓಡೋ ಹೊತ್ತಿಗೆ ನನಗೆ ಸಾಕಾಗಿತ್ತು.

ಜಗಲಿಕಟ್ಟೆ

@ಕೋಲಾರಮಣ್ಣು ನಮ್ಮ ಮಕ್ಕಳಿಗೂ ಮೊದಲ ಎರಡು ವಾರ ಇದೇ ಪಾಡು. ನಾನು ಒಂದು ಉಪಾಯ ಮಾಡಿದೆ. ಅಂಬುಯಾ ಬಂದಲ್ಲೆಲ್ಲ ಸುಮ್ಮನೆ 'ಅಜ್ಜಿ' ಅಂದೆ. ಬೆಸ್ತನ ಹೆಸರು ಇಂಗ್ಲಿಷಲ್ಲಿ ಕ್ರೊಕೊಡೈಲ್ ಗಟ್ಸ್, ಅದನ್ನು 'ಮೊಸಳೆಗರುಳ' ಮಾಡಿದೆ. ಆಮೇಲೆ ನೋಡಿ, ಮೊಸಳೆಗರುಳ ಬಂದ ಅಂದರೆ ಸಾಕು, ಗಲಾಟೆ ಮಾಡೋ ಹುಡುಗರೂ ಗಪ್‌ಚುಪ್.

ನಾಲ್ಕನೇಬೆಂಚು

ಆ ಹೆಸರಿನ ವಿಷಯ ನನ್ನನ್ನು ತುಂಬ ಕಾಡಿತು. ನ್ಹಾಮೊ ಅಂದರೆ ಶೋನಾ ಭಾಷೇಲಿ ಕಷ್ಟ, ಆಪತ್ತು. ಹುಟ್ಟಿದ ಮಗೂಗೆ ಯಾರಾದರೂ ಆಪತ್ತು ಅಂತ ಕರೀತಾರಾ ಅಂತ ಅಮ್ಮನ ಹತ್ರ ಸಿಟ್ಟಲ್ಲಿ ಹೇಳಿದೆ. ಅಮ್ಮ ಹೇಳಿದ್ದು, "ನಿಮ್ಮ ಮುತ್ತಜ್ಜಿ ಹೆಸರು ಸಾಕಮ್ಮ. ಐದನೇ ಹೆಣ್ಣು. ಹೆಣ್ಣು ಸಾಕು ಅಂತ ಇಟ್ಟಿದ್ದು." ಆ ಹೆಸರು ಚಿಕ್ಕಂದಿನಿಂದ ಕೇಳ್ತಿದ್ದೀನಿ, ಒಂದು ದಿನಾನೂ ಅದರ ಅರ್ಥ ಯೋಚನೆ ಮಾಡಿರಲಿಲ್ಲ.

ಅಕ್ಷರದೋಷ

ಸಾಕಮ್ಮ ಅಂದರೆ ಎಲ್ಲ ಕಡೆ 'ಇನ್ನು ಸಾಕು' ಅಂತಲೇ ಅಲ್ಲ. ಸಾಕು ಅಂದರೆ ಸಲಹು ಅಂತಲೂ ಇದೆ. ಸಾಕಿದವಳು, ಪೊರೆಯುವ ತಾಯಿ. ದೇವಿಯ ಹೆಸರಾಗಿಯೂ ಇಡ್ತಾರೆ.

ನಾಲ್ಕನೇಬೆಂಚು

ಇರಬಹುದು. ಆದರೆ ನಮ್ಮನೇಲಿ ಇಟ್ಟವರು ಯಾವ ಅರ್ಥದಲ್ಲಿ ಇಟ್ರು ಅಂತ ನಮ್ಮನೆಯವರಿಗೇ ಗೊತ್ತಲ್ವಾ?

ಗಂಗಜ್ಜಿಮೊಮ್ಮಗ

ತಿಪ್ಪಣ್ಣ, ತಿಪ್ಪಮ್ಮ, ಗುಂಡಪ್ಪ, ಕಲ್ಲಪ್ಪ ಎಲ್ಲ ನೆನೆಸ್ಕೊಳ್ಳಿ. ಮೊದಲ ಮಕ್ಕಳು ಉಳೀದೆ ಹೋದರೆ ಮುಂದಿನದನ್ನು ತಿಪ್ಪೆ ಮೇಲೆ ಮಲಗಿಸಿ ಎತ್ಕೊಂಡು ಬಂದು ತಿಪ್ಪ ಅಂತ ಕರೀತಿದ್ರು, ಜವರಾಯನ ಕಣ್ಣು ಬೀಳದೇ ಇರಲಿ ಅಂತ. ಅಲ್ಲಿ ತಿರಸ್ಕಾರ ಇಲ್ಲ, ಪ್ರೀತಿ ಇದೆ. ನ್ಹಾಮೊ ಹೆಸರೂ ಹಂಗೇ ಇರಬಹುದಲ್ವಾ?

ಹರಾರೆಯಿಂದ

ಕೆಲಸದ ಮೇಲೆ ಆರು ವರ್ಷದಿಂದ ಹರಾರೆಯಲ್ಲಿದ್ದೇನೆ, ನಾಲ್ಕು ಮಾತು ಸೇರಿಸುತ್ತೇನೆ. ಶೋನಾ ಹೆಸರುಗಳಿಗೆ ಬಹುಮಟ್ಟಿಗೆ ನೇರ ಅರ್ಥವಿರುತ್ತದೆ. ತೆಂಡೈ ಅಂದರೆ ಕೃತಜ್ಞರಾಗಿರಿ, ರೂಡೊ ಅಂದರೆ ಪ್ರೀತಿ, ನ್ಯಾಶಾ ಅಂದರೆ ಕೃಪೆ. ಹುಟ್ಟಿದ ಹೊತ್ತಲ್ಲಿ ಮನೆಯ ಸ್ಥಿತಿ ಹೇಗಿತ್ತು ಅನ್ನೋದೂ ಹೆಸರಲ್ಲಿ ಉಳಿಯುತ್ತದೆ. ನ್ಹಾಮೊ ಅನ್ನೋದು ಇಲ್ಲಿ ನಿಜವಾಗಿಯೂ ಇರುವ ಹೆಸರು, ಗಂಡಸರಿಗೂ ಇಡುತ್ತಾರೆ. ಆ 'ನ್ಹ' ಉಚ್ಚಾರ 'ನ'ಕಾರವನ್ನು ಉಸಿರು ಬಿಟ್ಟು ಹೇಳಿದ ಹಾಗೆ. ಜೋಂಗ್ವೆ ಅಂದರೆ ಹುಂಜ.

ಕೊಲೆಯಾದವನ ಪ್ರೇತಕ್ಕೆ ಹೆಣ್ಣು ಕೊಡುವ ಪದ್ಧತಿಯೂ ಲೇಖಕಿ ಕಟ್ಟಿದ ಕತೆಯಲ್ಲ. ಆ ಪ್ರೇತವನ್ನೇ ನ್ಗೋಜಿ ಅನ್ನೋದು. ಪ್ರೇತಶಾಂತಿಗಾಗಿ ಹೆಣ್ಣುಮಕ್ಕಳನ್ನು ಒಪ್ಪಿಸುವುದನ್ನು ಜಿಂಬಾಬ್ವೆಯ ಕೌಟುಂಬಿಕ ದೌರ್ಜನ್ಯ ಕಾಯ್ದೆ ಹೆಸರೆತ್ತಿ ನಿಷೇಧಿಸಿದೆ. 18 ತುಂಬದವರ ಮದುವೆ ಸಲ್ಲದು ಅಂತ ಇಲ್ಲಿನ ಸಾಂವಿಧಾನಿಕ ನ್ಯಾಯಾಲಯ 2016ರ ಜನವರಿಯಲ್ಲಿ ತೀರ್ಪು ಕೊಟ್ಟಿತು. ಕೇಸು ಹಾಕಿದವರು ಬಾಲ್ಯದಲ್ಲೇ ಮದುವೆಯಾಗಿದ್ದ ಇಬ್ಬರು ಯುವತಿಯರು. ಮೊಜಾಂಬಿಕ್‌ನಲ್ಲಿ ಅಂಥ ಕಾನೂನು ಬಂದದ್ದು 2019ರಲ್ಲಿ. ಕಾದಂಬರಿಯ ನ್ಹಾಮೊ ಓಡಿಹೋಗುವುದು 80ರ ದಶಕದ ಶುರುವಿನಲ್ಲಿ. ಅವಳ ಬೆನ್ನಿಗೆ ಇದ್ದದ್ದು ಕಾನೂನಲ್ಲ, ಅಜ್ಜಿ.

ಅಮ್ಮನಮಾತು

ಎಷ್ಟು ವರ್ಷದ ಮಕ್ಕಳಿಗೆ ಕೊಡಬಹುದು ಹೇಳ್ತೀರಾ? ನನ್ನ ಮಗಳು ಆರನೇ ಕ್ಲಾಸು. ಹನ್ನೊಂದರ ಹುಡುಗಿಗೆ ಮದುವೆ, ಕಾಲರಾ ಸಾವು, ಚಿರತೆ... ಭಯ ಬೀಳ್ತಾಳಾ ಅಂತ ಯೋಚನೆ.

ಮಳೆನಾಡಹುಡುಗಿ

ಆಂಟಿ, ನಾನು ಏಳರಲ್ಲಿ ಓದಿದೆ, ಭಯ ಆಗಿದ್ದು ಚಿರತೆಗೆ. ಮದುವೆ ವಿಷಯಕ್ಕೆ ಸಿಟ್ಟು ಬಂತು. ಸಿಟ್ಟು ಬರಲಿ ಬಿಡಿ, ಒಳ್ಳೇದೇ.

ಬಯಲುಸೀಮೆ_ಟೀಚರ್

@ಅಮ್ಮನಮಾತು ಜೊತೆಗೆ ಕೂತು ಓದಿ. ನಮ್ಮಲ್ಲೂ ಬಾಲ್ಯವಿವಾಹ ತಡೆಯೋಕೆ 2006ರ ಕಾಯ್ದೆ ಇದೆ, ಆದರೂ ಬೇಸಿಗೆ ರಜೆ ಮುಗಿದು ಶಾಲೆ ಬಾಗಿಲು ತೆರೆದಾಗ ನನ್ನ ಕಣ್ಣು ಮೊದಲು ಹೋಗೋದು ಹೆಣ್ಣುಮಕ್ಕಳ ಸಾಲಿನ ಕಡೆಗೆ, ಯಾರು ಬಂದಿಲ್ಲ ಅಂತ. ಎಂಟನೇ ಕ್ಲಾಸಿನವರಿಗೆ ಈ ಕತೆ ಬಾಯಲ್ಲಿ ಹೇಳಿದ್ದೆ. ಅಜ್ಜಿ ಚಿನ್ನ ಕೊಟ್ಟು ಓಡು ಅನ್ನೋ ಜಾಗದಲ್ಲಿ ಕೊನೇ ಬೆಂಚಿನ ಒಬ್ಬಳು ಚಪ್ಪಾಳೆ ತಟ್ಟಿದಳು. ಒಬ್ಬಳೇ. ಆಮೇಲೆ ನಾಚಿಕೊಂಡು ತಲೆ ತಗ್ಗಿಸಿದಳು. ಮಧ್ಯಾಹ್ನ ಅವಳನ್ನು ಕರೆದು ಮನೆ ವಿಚಾರ ಕೇಳಿದೆ. ಮುಂದಿನದು ಇಲ್ಲಿ ಬರೆಯಲ್ಲ. ಈಗ ಪಿಯುಸಿ ಓದ್ತಿದ್ದಾಳೆ.

ತರ್ಕದಸೈಕಲ್

ಕೊನೆಯ ಭಾಗಕ್ಕಿಂತ ನನಗೆ ತಕರಾರು ಇರೋದು ದೆವ್ವಗಳ ಬಗ್ಗೆ. ಸತ್ತ ಬೆಸ್ತ ಮಾತಾಡ್ತಾನೆ, ನೀರಿನ ನ್ಜುಜುಗಳು ಬರ್ತಾರೆ, ಚಿತ್ರದಲ್ಲಿರೋ ಅಮ್ಮ ಬುದ್ಧಿ ಹೇಳ್ತಾಳೆ. ಹಸಿವಲ್ಲಿ ಮಿದುಳು ಭ್ರಮೆ ಕಟ್ಟುತ್ತೆ, ಸರಿ. ಹಾಗಿದ್ದರೆ ಲೇಖಕಿ ಎಲ್ಲಾದರೂ 'ಇದು ಭ್ರಮೆ' ಅಂತ ಹೇಳಬೇಕಿತ್ತು. ಓದೋ ಮಕ್ಕಳು ನಿಜ ಅಂದುಕೊಂಡರೆ?

ಕುಡ್ಲದಕುವರಿ

ಯಾಕೆ ಹೇಳ್ಬೇಕು? ನಮ್ಮಲ್ಲಿ ಕೋಲದ ದಿನ ದೈವ ಮನೆ ಹಿರಿಯರನ್ನು ಕರೆದು ಮಾತಾಡ್ತದೆ, ಅಭಯ ಕೊಡ್ತದೆ. ನನ್ನ ಅಪ್ಪ ಇಂಜಿನಿಯರ್, ಕೈಮುಗಿದು ನಿಲ್ತಾರೆ. ಯಾರೂ ಪಕ್ಕದಲ್ಲಿ ನಿಂತು 'ಇದು ಭ್ರಮೆ' ಅಂತ ಟಿಪ್ಪಣಿ ಹಾಕುವುದಿಲ್ಲ. ನ್ಹಾಮೊಗೂ ಹಾಗೇ. ಅವಳ ಲೋಕದಲ್ಲಿ ಹಿರಿಯರು ಸತ್ತ ಮೇಲೂ ಮನೆಯವರೇ. ನಮಗೆ ಇದು ಅಮೆರಿಕದ ಮಕ್ಕಳಿಗಿಂತ ಬೇಗ ಅರ್ಥ ಆಗ್ಬೇಕು.

ತರ್ಕದಸೈಕಲ್

ನಂಬಿಕೆಗೆ ಗೌರವ ಕೊಡೋಣ. ಆದರೆ ಅದೇ ನಂಬಿಕೆಯಿಂದಲೇ ಅಲ್ವಾ ಅವಳನ್ನು ಮದುವೆ ಮಾಡಿಕೊಡೋಕೆ ಹೊರಟಿದ್ದು? ಕಾಲರಾ ಬಂದದ್ದು ಕೊಳಕು ನೀರಿನಿಂದ. ಪ್ರೇತದಿಂದ ಅಲ್ಲ.

ಕುಡ್ಲದಕುವರಿ

ಅದು ಒಪ್ಪಿದೆ. ಆದರೆ ಪುಸ್ತಕವೂ ಅದನ್ನೇ ತೋರಿಸ್ತದಲ್ಲ. ಒಂದೇ ನಂಬಿಕೆ ಒಂದು ಕೈಯಲ್ಲಿ ಅವಳನ್ನು ಬಲಿ ಕೊಡ್ತದೆ, ಇನ್ನೊಂದು ಕೈಯಲ್ಲಿ ನೀರಿನ ಮಧ್ಯೆ ಹುಟ್ಟು ಹಾಕುವುದನ್ನು ಕಲಿಸ್ತದೆ. ಮೊಸಳೆಗರುಳ (ಹೆಸರು ಚಂದ ಉಂಟು) ಇಲ್ಲದಿದ್ದರೆ ಅವಳು ಮೂರನೇ ದಿನವೇ ದೋಣಿಯಲ್ಲಿ ಮಲಗಿ ಅಳ್ತಾ ಸಾಯ್ತಿದ್ಳು. ಮಾತಾಡ್ಲಿಕ್ಕೆ ಒಬ್ಬರು ಬೇಕಲ್ಲ.

ನಾಲ್ಕನೇಬೆಂಚು

ಅಮ್ಮನ ಚಿತ್ರದ ವಿಷಯ ಯಾರೂ ಬಿಡಿಸಿ ಹೇಳಲಿಲ್ಲ. ಅವಳ ಹತ್ರ ತಾಯಿಯ ಫೋಟೊ ಇಲ್ಲ. ಪತ್ರಿಕೆಯೊಂದರಲ್ಲಿ ಬ್ರೆಡ್ಡಿಗೆ ಮಾರ್ಗರಿನ್ ಸವರೋ ಹೆಂಗಸಿನ ಚಿತ್ರ ಸಿಗುತ್ತೆ, ಅದನ್ನೇ ಅಮ್ಮ ಅಂದ್ಕೊಂಡು ಬಚ್ಚಿಟ್ಕೊಂಡು ಕತೆ ಹೇಳ್ತಾಳೆ. ಪುಸ್ತಕದ ತುಂಬ ಅವಳು ಕತೆ ಹೇಳ್ತಾನೇ ಇರ್ತಾಳೆ. ಚಿತ್ರಕ್ಕೆ, ಸತ್ತ ಬೆಸ್ತನಿಗೆ, ಬಬೂನುಗಳಿಗೆ. ನನಗನಿಸೋದು ಮೀನಿಗಿಂತ ಹೆಚ್ಚಾಗಿ ಅವಳನ್ನು ಉಳಿಸಿದ್ದು ಆ ಬಾಯಿ.

ಪುಸ್ತಕದಹುಳು_14

ಆ ಕತೆಗಳನ್ನ ನಾನು ಹಾರಿಸ್ತಿದ್ದೆ. ಮುಖ್ಯ ಕತೆ ಮಧ್ಯೆ ಅಡ್ಡ ಬರ್ತಿತ್ತು. ಈಗ ವಾಪಸ್ ಹೋಗಿ ಓದ್ಬೇಕು ಅನಿಸ್ತಿದೆ.

ಹಿನ್ನೀರು

ದ್ವೀಪದ ಬಗ್ಗೆ ಒಂದು ಮಾತು. ಕಾಬೋರಾ ಬಾಸಾ ಹುಟ್ಟಾ ಸರೋವರ ಅಲ್ಲ. ಜಾಂಬೆಜಿ ನದಿಗೆ ಪೋರ್ಚುಗೀಸರು ಕಟ್ಟಿಸಿದ ಅಣೆಕಟ್ಟಿನ ಹಿನ್ನೀರು, ನೀರು ತುಂಬಲು ಶುರುವಾದದ್ದು 1974ರ ಡಿಸೆಂಬರಲ್ಲಿ. ಆರು ತಿಂಗಳಿಗೆ, 1975ರ ಜೂನ್ 25ಕ್ಕೆ, ಮೊಜಾಂಬಿಕ್ ಸ್ವತಂತ್ರವಾಯ್ತು. ಈಗ ಹೆಸರನ್ನು ಕಹೋರಾ ಬಾಸಾ ಅಂತ ಬರೀತಾರೆ. ಅಂದರೆ ನ್ಹಾಮೊ ಸಿಕ್ಕಿಹಾಕಿಕೊಂಡ ದ್ವೀಪಕ್ಕೆ ದ್ವೀಪವಾಗಿ ಹೆಚ್ಚೆಂದರೆ ಏಳೆಂಟು ವರ್ಷ. ಅದು ಮುಳುಗದೆ ಉಳಿದ ಗುಡ್ಡದ ನೆತ್ತಿ.

ನಮ್ಮಜ್ಜನ ಮನೆ ಲಿಂಗನಮಕ್ಕಿ ಹಿನ್ನೀರಲ್ಲಿ ಮುಳುಗಿದ್ದು. ಬೇಸಿಗೇಲಿ ನೀರು ಇಳಿದಾಗ ದೋಣೀಲಿ ಹೋಗ್ತಾ ಅಜ್ಜ "ಇದು ನಮ್ಮ ಗುಡ್ಡ, ಇಲ್ಲಿ ದನ ಬಿಡ್ತಿದ್ವಿ" ಅಂತ ಒಂದು ದ್ವೀಪ ತೋರಿಸೋರು. ಪುಸ್ತಕ ಓದುವಾಗ ನನ್ನ ಕಣ್ಣೆದುರು ಬಂದದ್ದು ಅದೇ ಗುಡ್ಡ. ಅಲ್ಲಿ ಮೊದಲು ಯಾರ ದನ ಮೇಯ್ತಿತ್ತೋ ಅಂತ ಯೋಚನೆ.

ಗಂಗಜ್ಜಿಮೊಮ್ಮಗ

ಮೈ ಜುಮ್ಮೆಂತು ಇದನ್ನ ಓದಿ.

ಕೋಲಾರಮಣ್ಣು

ಅಷ್ಟು ಕಷ್ಟಪಟ್ಟು ನೀರಲ್ಲಿ ಯಾಕೆ ಹೋಗ್ಬೇಕಿತ್ತು? ನಡ್ಕೊಂಡು ಗಡಿ ದಾಟಬಹುದಿತ್ತಲ್ವಾ?

ಹರಾರೆಯಿಂದ

ಗಡಿಯುದ್ದಕ್ಕೂ ನೆಲಬಾಂಬ್ ಇತ್ತು. ವಿಮೋಚನಾ ಹೋರಾಟಗಾರರು ಮೊಜಾಂಬಿಕ್ ಕಡೆಯಿಂದ ನುಸುಳದಂತೆ 70ರ ದಶಕದಲ್ಲಿ ರೊಡೇಷ್ಯಾ (ಜಿಂಬಾಬ್ವೆಯ ಹಳೆಯ ಹೆಸರು) ಸೈನ್ಯ ಹೂತಿಟ್ಟದ್ದು. 1980ರ ಏಪ್ರಿಲ್ 18ಕ್ಕೆ ಜಿಂಬಾಬ್ವೆ ಹುಟ್ಟಿತು, ಬಾಂಬ್ ನೆಲದಲ್ಲೇ ಉಳಿಯಿತು. ಮೊಜಾಂಬಿಕ್ ತಾನು ನೆಲಬಾಂಬ್ ಮುಕ್ತ ಅಂತ ಘೋಷಿಸಿಕೊಂಡದ್ದು 2015ರಲ್ಲಿ. ಅದರ ಮೇಲೆ ಅಲ್ಲಿ 1977ರಿಂದ 1992ರವರೆಗೆ ಅಂತರ್ಯುದ್ಧ. ಅಜ್ಜಿ ದೋಣಿ ಹತ್ತಿಸಿದ್ದು ಸುಮ್ಮನೆ ಅಲ್ಲ.

ಗಂಗಜ್ಜಿಮೊಮ್ಮಗ

@ಹರಾರೆಯಿಂದ ಸಾರ್, ಸಾಡ್ಜಾ ಅಂದ್ರೆ ನಮ್ಮ ಮುದ್ದೆ ತರಾನೇನಾ? ಓದ್ತಾ ಹಂಗೇ ಅನಿಸ್ತು.

ಹರಾರೆಯಿಂದ

ಹೌದು. ಈಗ ಹೆಚ್ಚಾಗಿ ಬಿಳಿ ಮುಸುಕಿನ ಜೋಳದ ಹಿಟ್ಟಿನದು. ಕೈಯಲ್ಲಿ ಮುರಿದು ಉಂಡೆ ಕಟ್ಟಿ ಸೊಪ್ಪಿನ ಪಲ್ಯಕ್ಕೋ ಮಾಂಸದ ಸಾರಿಗೋ ಅದ್ದಿ ತಿನ್ನುತ್ತಾರೆ. ರಾಗಿಯ ಸಾಡ್ಜಾ ಕೂಡ ಇದೆ, ಬಣ್ಣ ಥೇಟ್ ನಮ್ಮದೇ. ಮೊದಲ ಸಲ ತಟ್ಟೆಗೆ ಬಿದ್ದಾಗ ಕಣ್ಣು ಒದ್ದೆಯಾಯ್ತು. ಅವರು ಅಗಿದು ತಿನ್ನುತ್ತಾರೆ, ನಾನು ನುಂಗಿದ್ದು ನೋಡಿ ಪಕ್ಕದವರು ಗಾಬರಿಯಾದರು.

ಕೋಲಾರಮಣ್ಣು

ಅಲ್ಲಿ ರಾಗಿ ಎಲ್ಲಿಂದ ಬಂತು? ನಮ್ಮಿಂದ ಹೋಯ್ತಾ?

ಅಕ್ಷರದೋಷ

ಉಲ್ಟಾ. ರಾಗಿಯ ತವರು ಪೂರ್ವ ಆಫ್ರಿಕಾದ ಎತ್ತರದ ನಾಡು, ಇಥಿಯೋಪಿಯಾ ಉಗಾಂಡಾ ಕಡೆ. ಸಾವಿರಾರು ವರ್ಷದ ಹಿಂದೆ ನಮ್ಮ ಕಡೆ ಬಂದದ್ದು.

ಕೀಟಲೆಯವನಲ್ಲ

ಕೃಷಿ ಕೀಟಶಾಸ್ತ್ರ ಓದ್ತಿದ್ದೀನಿ. ಎಫಿಫಿ ಭಾಗ ಬೋರು ಅಂದವರಿಗೆ ಒಂದು ಮಾತು. ಅದು ಸೆಟ್ಸೆ ನೊಣದ ಸಂಶೋಧನಾ ಕೇಂದ್ರ. ಸೆಟ್ಸೆ ದನಕ್ಕೆ ನಗಾನಾ ರೋಗ ತರುತ್ತೆ, ಮನುಷ್ಯರಿಗೆ ನಿದ್ರಾರೋಗ. ಉಳಿದ ನೊಣದ ಥರ ನೂರಾರು ಮೊಟ್ಟೆ ಇಡಲ್ಲ. ಒಂದು ಸಲಕ್ಕೆ ಒಂದೇ ಮರಿಹುಳ, ಅದನ್ನೂ ಹೊಟ್ಟೆಯೊಳಗೇ ಬೆಳೆಸಿ ಹೆರುತ್ತೆ. ಅದಕ್ಕೇ ಪ್ರತಿದಿನ ಕೆಲವನ್ನಾದರೂ ಹಿಡಿದು ಕೊಲ್ಲುತ್ತಾ ಹೋದರೆ ಸಂತತಿ ಕುಸಿದುಬಿಡುತ್ತೆ. 80ರ ದಶಕದಲ್ಲಿ ಜಿಂಬಾಬ್ವೆಯ ವಿಜ್ಞಾನಿಗಳು ನೀಲಿ, ಕಪ್ಪು ಬಟ್ಟೆಯ ಪರದೆಗೆ ಕೀಟನಾಶಕ ಸವರಿ, ಪಕ್ಕದಲ್ಲಿ ಎತ್ತಿನ ಉಸಿರಿನ ವಾಸನೆ ಕೊಡೋ ಅಸಿಟೋನ್, ಆಕ್ಟೆನಾಲ್ ಇಟ್ಟು ನೊಣ ಸೆಳೆಯೋ ವಿಧಾನ ಬೆಳೆಸಿದರು. ಫಾರ್ಮರ್ ಅವರೇ ಆ ಸೀಮೆಯಲ್ಲಿ ಕೀಟ ವಿಜ್ಞಾನದ ಕೆಲಸ ಮಾಡಿದವರು. ಎಫಿಫಿಯಲ್ಲಿ ಬರೋ ಪ್ರತಿ ವಿವರದಲ್ಲೂ ಕಣ್ಣಾರೆ ಕಂಡವರ ಕೈ ಇದೆ. ಅದನ್ನು ಹೇಗೆ ಸಡಿಲ ಅಂತೀರಿ?

ತರ್ಕದಸೈಕಲ್

ಅದೇ ನನ್ನ ಇನ್ನೊಂದು ಪ್ರಶ್ನೆ. ಅಮೆರಿಕದ ಬಿಳಿ ಹೆಂಗಸು ಶೋನಾ ಹುಡುಗಿಯ ಒಳಮನಸ್ಸು ಬರೆಯೋದು ಎಷ್ಟು ಸರಿ?

ಹರಾರೆಯಿಂದ

ಅವರು ಆ ನೆಲದಲ್ಲಿ ವರ್ಷಗಟ್ಟಲೆ ಬದುಕಿದವರು. ಪುಸ್ತಕದ ಹಿಂದೆ ಶೋನಾ ಇತಿಹಾಸ, ನಂಬಿಕೆಗಳ ಬಗ್ಗೆ ಬೇರೆಯೇ ಟಿಪ್ಪಣಿ ಕೊಟ್ಟಿದ್ದಾರೆ. ಇನ್ನೊಂದು ವಿಷಯ, ಅವರು 1963ರಿಂದ 65ರವರೆಗೆ ಅಮೆರಿಕದ ಶಾಂತಿದಳದ ಸ್ವಯಂಸೇವಕಿಯಾಗಿ ಭಾರತದಲ್ಲೂ ಇದ್ದರು. ಆದರೂ ನಿಮ್ಮ ಪ್ರಶ್ನೆ ನ್ಯಾಯವಾದದ್ದೇ. ಈ ಪುಸ್ತಕ ಒಂದನ್ನೇ ಓದಿ ಶೋನಾ ಜನರನ್ನು ಅರಿತೆ ಅನ್ನಬಾರದು. ಜಿಂಬಾಬ್ವೆಯವರೇ ಬರೆದದ್ದು ಬೇಕಾದಷ್ಟಿದೆ, ಅದನ್ನೂ ಓದಬೇಕು.

ದಮಾಮಿ_ಸದ್ದು

ಮೂರು ದಿನದಿಂದ ಓದುತ್ತಿದ್ದೇನೆ, ಬರೆಯಲೋ ಬೇಡವೋ ಅಂತಿದ್ದೆ.

ನಾನು ಯಲ್ಲಾಪುರ ಕಡೆಯ ಸಿದ್ದಿ ಹುಡುಗಿ, ಈಗ ಡಿಗ್ರಿ ಎರಡನೇ ವರ್ಷ. ನಮ್ಮ ಹಿರಿಯರಲ್ಲಿ ಹಲವರನ್ನು ಪೋರ್ಚುಗೀಸರು ಹಡಗಲ್ಲಿ ತುಂಬಿಕೊಂಡು ಗೋವಾಕ್ಕೆ ತಂದರು, ಗುಲಾಮರಾಗಿ. ಬಹಳ ಜನ ಮೊಜಾಂಬಿಕ್ ಕಡೆಯವರು. ಗೋವಾದಿಂದ ತಪ್ಪಿಸಿಕೊಂಡವರು ಕಾಡು ಹತ್ತಿ ಇತ್ತ ಬಂದರು. ನಮಗೆ ಆ ಭಾಷೆ ಬರುವುದಿಲ್ಲ, ಕನ್ನಡ, ಕೊಂಕಣಿಯೇ ನಮ್ಮ ಮಾತು. ಉಳಿದದ್ದು ದಮಾಮಿ ವಾದ್ಯ, ಕುಣಿತ. ಮತ್ತೆ ಹಿರಿಯಾರ ಪೂಜೆ. ಮನೆಯ ಮೂಲೆಯಲ್ಲಿ ಸತ್ತ ಹಿರಿಯರಿಗೆ ಜಾಗ ಇರುತ್ತದೆ, ಹಬ್ಬಕ್ಕೆ ಅವರಿಗೆ ಬಡಿಸಿದ ಮೇಲೆಯೇ ನಮಗೆ. ನ್ಹಾಮೊ ತನ್ನ ಹಿರಿಯರಿಗೆ ತಿನಿಸು ತೆಗೆದಿಟ್ಟು ಮಾತಾಡುವುದನ್ನು ಓದುವಾಗ ನನಗೆ ಅದು ಹೊರದೇಶದ ಕತೆ ಅನಿಸಲೇ ಇಲ್ಲ.

ಈ ಪುಸ್ತಕ ನನಗೆ ಸಿಕ್ಕಿದ್ದು ಹೈಸ್ಕೂಲಿನಲ್ಲಿ. ಹಾಸ್ಟೆಲಿನಲ್ಲಿ ಓದುತ್ತಾ ಕೂತಿದ್ದೆ. ಮುಖಪುಟದ ಹುಡುಗಿಯನ್ನು ನೋಡಿ ಜೊತೆಯವಳೊಬ್ಬಳು "ಇದು ನಿಮ್ಮ ದೇಶದ ಕತೆಯಾ?" ಅಂದಳು. ಉಳಿದವರು ನಕ್ಕರು. ನನ್ನ ದೇಶ ಯಾವುದು ಅಂತ ಅವಳಿಗೆ ಗೊತ್ತಿರಲಿಲ್ಲವಾ? ನಾನು ಪುಸ್ತಕ ಮುಚ್ಚಿ ದಿಂಬಿನ ಕೆಳಗೆ ಇಟ್ಟೆ. ಆಮೇಲೆ ಎಲ್ಲರೂ ಮಲಗಿದ ಮೇಲೆ ಬಚ್ಚಲು ಮನೆಯ ದೀಪದಲ್ಲಿ ಓದಿ ಮುಗಿಸಿದೆ.

ಕೊನೆಯ ಭಾಗ ಬೇಡ ಅಂತ ಬರೆದವರೆಲ್ಲ ಒಮ್ಮೆ ಯೋಚನೆ ಮಾಡಿ. ಅಲ್ಲಿಗೆ ಕತ್ತರಿಸಿದರೆ ಆಫ್ರಿಕಾ ಅಂದರೆ ಏನು ಉಳಿಯುತ್ತದೆ? ಕಾಡು, ಹಸಿವು, ಕೋತಿ, ಮಾಟ. ಎಫಿಫಿಗೆ ಬಂದ ಮೇಲೆಯೇ ಡಾಕ್ಟರ್ ಮಸುಕು ಬರುವುದು. ಕಪ್ಪು ಹೆಂಗಸು, ವಿಜ್ಞಾನಿ. ನನ್ನ ಹಾಗಿನ ಕೂದಲು, ನನ್ನ ಹಾಗಿನ ಮುಖ ಇರುವ ಒಬ್ಬ ಹೆಂಗಸು ಪ್ರಯೋಗಾಲಯದಲ್ಲಿ ಕೆಲಸ ಮಾಡುವುದನ್ನು ನಾನು ಮೊದಲು ಕಂಡದ್ದು ಆ ಪುಟಗಳಲ್ಲಿ. ನ್ಹಾಮೊ ಓದಲು ಕಲಿಯುವುದೂ ಅಲ್ಲೇ. ನೀವು ಪುಟ ಹಾರಿಸಿದ ಜಾಗದಲ್ಲಿ ನಾನು ನಿಂತುಬಿಟ್ಟೆ. ನಾನೀಗ ಓದುತ್ತಿರುವುದು ಬಿಎಸ್ಸಿ.

ಮಳೆನಾಡಹುಡುಗಿ

ಅಕ್ಕಾ, ನಾನು ಮೊದಲು ಬರೆದದ್ದಕ್ಕೆ ಬೇಜಾರಾಗಿದ್ರೆ ಕ್ಷಮಿಸಿ. ಆ ಭಾಗ ಮತ್ತೆ ಓದ್ತೀನಿ. ಹಾರಿಸದೆ.

ದಮಾಮಿ_ಸದ್ದು

ಬೇಜಾರಿಲ್ಲ ತಂಗಿ. ದ್ವೀಪ ನನಗೂ ಇಷ್ಟ.

ತರ್ಕದಸೈಕಲ್

ಒಪ್ಪಿದೆ. ಆದರೆ ಒಂದು ಮಾತು ಉಳಿಯುತ್ತೆ. ವಿಷಯ ಮುಖ್ಯ ಅಂದ ಮಾತ್ರಕ್ಕೆ ಬರವಣಿಗೆ ಬಿಗಿಯಾಗಿದೆ ಅಂತಾಗಲ್ಲ. ನೆಂಟರ ಮನೆಗೆ ಬಂದ ಮೇಲೆ ಒಂದರ ಹಿಂದೆ ಒಂದು ಗುಟ್ಟು ರಟ್ಟಾಗುತ್ತೆ, ಅಪ್ಪನ ವಿಷಯ, ಅಮ್ಮನ ವಿಷಯ, ಎಲ್ಲಾ ಯಾರೋ ಕೂತು ಹೇಳೋದು. ದ್ವೀಪದಲ್ಲಿ ನಾವೇ ಅವಳ ಜೊತೆ ನೋಡ್ತಿದ್ವಿ. ಇಲ್ಲಿ ಬರೀ ಕೇಳಿಸ್ಕೊಳ್ತೀವಿ.

ಧಾರವಾಡಪೇಡೆ

ಇದು ಛಲೋ ತಕರಾರು. ಇದಕ್ಕ ನನ್ನ ಕಡೆ ಉತ್ತರ ಇಲ್ಲ.

ಜಗಲಿಕಟ್ಟೆ

ಇವತ್ತು ಭಾನುವಾರ. ದಮಾಮಿ_ಸದ್ದು ಅವರು ಬರೆದದ್ದನ್ನು ಅವರ ಒಪ್ಪಿಗೆ ಕೇಳಿ ಮಕ್ಕಳಿಗೆ ಓದಿದೆ. ಬಚ್ಚಲು ಮನೆಯ ದೀಪದ ಸಾಲಿಗೆ ಬಂದಾಗ ಯಾರೂ ಉಸಿರೆತ್ತಲಿಲ್ಲ. ನಾಲ್ವರಲ್ಲಿ ಇಬ್ಬರು ಪಕ್ಷ ಬದಲಿಸಿದರು, ಇಬ್ಬರು ಇನ್ನೂ ದ್ವೀಪದಲ್ಲೇ ಇದ್ದಾರೆ. ನಾನು ತಪ್ಪು ಮಾಡಿದ್ದೆ. ಎಫಿಫಿ ಅಧ್ಯಾಯಗಳನ್ನು ಬೇಗ ಮುಗಿಸಬೇಕು ಅಂತ ಅಲ್ಲಲ್ಲಿ ಸಾರಾಂಶ ಹೇಳಿ ಮುಂದೆ ಹೋಗಿದ್ದೆ, ಡಾಕ್ಟರ್ ಮಸುಕು ಬಗ್ಗೆ ನಾಲ್ಕು ಮಾತಲ್ಲಿ ಮುಗಿಸಿದ್ದೆ. ಸಡಿಲ ಆದದ್ದು ನನ್ನ ಓದು. ಮುಂದಿನ ವಾರ ಆ ಅಧ್ಯಾಯಗಳನ್ನು ಒಂದೊಂದು ಸಾಲೂ ಬಿಡದೆ ಓದ್ತೀವಿ.

ಕೆಳಗಿನದು ನನ್ನ ಫೋನಿಂದ ಆ ಒಂಬತ್ತನೇ ಕ್ಲಾಸಿನವಳು ಟೈಪ್ ಮಾಡಿದ್ದು.

ಜಗಲಿಕಟ್ಟೆ

ನಮಸ್ತೆ. ಎದ್ದು ನಿಂತು ಹೇಳಿದ್ದು ನಾನೇ. ಧಾರವಾಡದ ಅಣ್ಣನೋ ಅಕ್ಕನೋ ಚಮಚದ ಕತೆ ಬರ್ದಿದ್ದೀರಲ್ಲ, ನಂಗೂ ಹಂಗೇ ಆಗಿದೆ, ಆದ್ರೆ ಯಾವ್ದು ಅಂತ ಹೇಳಲ್ಲ. ಸಿದ್ದಿ ಅಕ್ಕಾ, ಬಿಎಸ್ಸಿಲಿ ನಿಮ್ ಸಬ್ಜೆಕ್ಟ್ ಯಾವ್ದು? ನಂಗೂ ಸೈನ್ಸ್ ತಗೋಬೇಕು ಅಂತಿದೆ, ಲೆಕ್ಕ ಸ್ವಲ್ಪ ಕಷ್ಟ. ರಂಪಿ ಬಗ್ಗೆ ಕೇಳಿದೋರಿಗೆ, ಅದು ಕುಂಟೋದು ಓದಿ ನಮ್ ತಮ್ಮ ಅತ್ತ. ಮುಂದೇನಾಯ್ತು ಅಂತ ಇಲ್ಲಿ ಹೇಳಲ್ಲ, ಕೋಲಾರದ ಅಣ್ಣ ಇನ್ನೂ ಓದಿಲ್ಲ.

ಕೋಲಾರಮಣ್ಣು

ಓದ್ತೀನಿ ಪುಟ್ಟಿ. ನಿನ್ನೆ ರಾತ್ರಿ ಮತ್ತೆ ತೆಗೆದೆ. ಅಜ್ಜಿ ಚಿನ್ನ ಕೊಟ್ಟಾಯ್ತು, ಈಗ ದೋಣಿ ಬಿಚ್ತಿದ್ದಾಳೆ.

ದಮಾಮಿ_ಸದ್ದು

ಪುಟ್ಟಿ, ನನ್ನದು ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ. ಲೆಕ್ಕ ನನಗೂ ಕಷ್ಟ ಇತ್ತು. ಜಗಲಿಕಟ್ಟೆಯವರ ಹತ್ತಿರ ನನ್ನ ನಂಬರ್ ಇದೆ, ಭಾನುವಾರ ಓದು ಮುಗಿದ ಮೇಲೆ ಫೋನ್ ಮಾಡು.